ಬಸುರಿಯ ಬಯಕೆಗೆ ಏನು ಬಡಿಸಬೇಕು? ಸಸ್ಯಾಹಾರಿ, ವೀಗನ್ ಮನೆಗಳಿಗೊಂದು ಮಾರ್ಗದರ್ಶಿ

ಐದನೇ ತಿಂಗಳಿನ ಒಂದು ಮಧ್ಯಾಹ್ನ ನಾನು ಅಡುಗೆಮನೆಯ ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಡಬ್ಬಿಯಿಂದ ಹಸಿ ಅಕ್ಕಿ ಮುಕ್ಕುತ್ತಿದ್ದೆ. ಅತ್ತೆ ಯಾವಾಗ ಬಂದು ಹಿಂದೆ ನಿಂತರೋ ತಿಳಿಯಲಿಲ್ಲ. ಬೈಯಲಿಲ್ಲ. "ತಂಗೀ, ಎಷ್ಟು ದಿನದಿಂದ ನಡೆದಿದೆ ಇದು?" ಎಂದು ಕೇಳಿದರು. ನಾಲ್ಕು ದಿನದಿಂದ ಎಂದೆ. ತಿಂಗಳು ಮೀರಿತ್ತು. ಮರುದಿನ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.9 ಬಂತು. ಬಸುರಿಯರಲ್ಲಿ 11ಕ್ಕಿಂತ ಕೆಳಗಿಳಿದರೆ ರಕ್ತಹೀನತೆ ಎನ್ನುತ್ತಾರೆ.

ನನ್ನ ತವರು, ಅತ್ತೆಮನೆ ಎರಡೂ ಶಿರಸಿ ಕಡೆಯ ಹಳ್ಳಿಗಳು. ಗಂಡನ ಕೆಲಸದಿಂದಾಗಿ ಬಸುರಿನ ಬಹುಪಾಲು ದಿನಗಳನ್ನು ಕಾರವಾರದ ಬಾಡಿಗೆ ಮನೆಯಲ್ಲಿ ಕಳೆದೆ. ಎರಡು ವರ್ಷಗಳ ನಂತರ ನಾದಿನಿ ಹೆರಿಗೆಗೆಂದು ಬೆಂಗಳೂರಿನಿಂದ ಬಂದಳು. ಅವಳು ಹಾಲು, ಮೊಸರು, ತುಪ್ಪ, ಜೇನು ಎಲ್ಲವನ್ನೂ ಬಿಟ್ಟ ವೀಗನ್. ಕೊಟ್ಟಿಗೆಯಲ್ಲಿ ಎರಡು ಹಸು ಕಟ್ಟಿಕೊಂಡ ಮನೆಗೆ ಮಜ್ಜಿಗೆ ಬೇಡವೆನ್ನುವ ಬಸುರಿ ಬಂದರೆ ಏನಾಗಬಹುದೋ ಅದೆಲ್ಲ ಆಯಿತು. ನಾನು ವೈದ್ಯೆಯಲ್ಲ. ಈ ಎರಡು ಬಸುರಿನಲ್ಲಿ ವೈದ್ಯರಿಂದ, ಆಶಾ ಕಾರ್ಯಕರ್ತೆಯಿಂದ, ಅತ್ತೆಯಿಂದ, ಪಕ್ಕದ ಮನೆಯವರಿಂದ ಕಲಿತದ್ದನ್ನು ಸರಿತಪ್ಪು ನೋಡಿಕೊಂಡು ಇಲ್ಲಿ ಬರೆದಿದ್ದೇನೆ.

ಬಯಕೆ ಏಕೆ ಬರುತ್ತದೆ ಎಂಬುದಕ್ಕೆ ಒಂದೇ ಒಂದು ಖಚಿತ ಕಾರಣವಿಲ್ಲ. ಹಾರ್ಮೋನುಗಳ ಏರಿಳಿತದಲ್ಲಿ ಮೂಗು ಚುರುಕಾಗುತ್ತದೆ, ನಾಲಿಗೆಯ ರುಚಿ ಬದಲಾಗುತ್ತದೆ, ನಿನ್ನೆಯವರೆಗೆ ಹಿಡಿಸಿದ್ದು ಇಂದು ವಾಕರಿಕೆ ತರಿಸುತ್ತದೆ. ದೇಹಕ್ಕೆ ಏನು ಕಡಿಮೆಯೋ ಅದನ್ನೇ ನಾಲಿಗೆ ಕೇಳುತ್ತದೆ ಎಂಬ ಮಾತನ್ನು ಮಾತ್ರ ನಂಬಬೇಡಿ. ಅದು ನಿಜವಾಗಿದ್ದರೆ ಸುಣ್ಣದ ಅಂಶ ಸಾಲದವರಿಗೆಲ್ಲ ರಾಗಿ ಅಂಬಲಿಯ ಬಯಕೆಯಾಗಬೇಕಿತ್ತು. ಆಗುವುದು ಪಾನಿಪುರಿಯ ಬಯಕೆ. ಹಾಗಾಗಿ ನಾಲಿಗೆ ಕೇಳಿದ ರುಚಿಯನ್ನು ಕೊಡೋಣ, ಆದರೆ ಆ ರುಚಿಯ ಬೆನ್ನಿಗೆ ಹೊಟ್ಟೆಗೆ ಬೇಕಾದ್ದನ್ನೂ ಕಟ್ಟಿ ಕಳಿಸೋಣ. ಮುಂದಿನದೆಲ್ಲ ಇದನ್ನು ಮಾಡುವ ಬಗೆ.

ಮೊದಲ ಹೆಜ್ಜೆ: ಒಂದು ವಾರ ಬರೆದಿಡಿ

ಹಳೆಯ ಕ್ಯಾಲೆಂಡರಿನ ಹಿಂಬದಿ ಸಾಕು. ಏನು ಬೇಕೆನ್ನಿಸಿತು, ಎಷ್ಟು ಗಂಟೆಗೆ, ಅದಕ್ಕೆ ಮೊದಲು ಏನು ತಿಂದಿದ್ದಿರಿ, ಈ ಮೂರನ್ನು ಬರೆಯಿರಿ. ನನ್ನ ಬಯಕೆಗಳಲ್ಲಿ ಹೆಚ್ಚಿನವು ಸಂಜೆ ನಾಲ್ಕಕ್ಕೂ ರಾತ್ರಿ ಹನ್ನೊಂದಕ್ಕೂ ಬರುತ್ತಿದ್ದವು. ಆ ದಿನಗಳ ಮಧ್ಯಾಹ್ನದ ಊಟ ನೋಡಿದರೆ ತಿಳಿಸಾರು, ಅನ್ನ, ಮಜ್ಜಿಗೆ ಅಷ್ಟೇ. ಅಂದರೆ ಅರ್ಧ ಬಯಕೆ, ಅರ್ಧ ಹಸಿವು. ಹೀಗೆ ಕಂಡರೆ ಮಧ್ಯಾಹ್ನದ ಊಟಕ್ಕೆ ಒಂದು ಬಟ್ಟಲು ಕಾಳಿನ ಪಲ್ಯ ಸೇರಿಸಿ. ಸಂಜೆಗೆ ಒಂದು ಹಿಡಿ ಹುರಿಗಡಲೆ ಅಥವಾ ಶೇಂಗಾ ತಿಂದು ಕಾಲು ಗಂಟೆ ಕಾಯಿರಿ. ಆಮೇಲೂ ಬೇಕೆನ್ನಿಸಿದರೆ ಅದು ನಿಜವಾದ ಬಯಕೆ. ತಿನ್ನಿ.

ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಿ. ಬೇಕಾದದ್ದು ಆ ವಸ್ತುವೋ, ಅದರ ಹುಳಿಯೋ, ಖಾರವೋ, ಕುರುಕುಲೋ ಅಥವಾ ಪರಿಮಳವೋ? ಇದು ತಿಳಿದರೆ ಬದಲಿ ಹುಡುಕುವುದು ಸುಲಭ.

ಹುಳಿಯ ಬಯಕೆ

ಹುಳಿ ಬೇಕೆನ್ನಿಸುವ ಬಸುರಿಗೆ ನಮ್ಮ ಜಿಲ್ಲೆಯಷ್ಟು ಒಳ್ಳೆಯ ಜಾಗ ಬೇರೆ ಇಲ್ಲವೆಂದು ನನ್ನ ಅಭಿಪ್ರಾಯ. ಶಿವರಾತ್ರಿಯ ಆಸುಪಾಸಿನಲ್ಲಿ ಅಪ್ಪೆಮಿಡಿ, ಬೇಸಿಗೆಯ ಕೊನೆಗೆ ಮುರುಗಲು (ಕೋಕಂ), ಮಳೆಗಾಲದಲ್ಲಿ ಅಮಟೆಕಾಯಿ, ಆಮೇಲೆ ಕಂಚಿ, ನೆಲ್ಲಿ. ಯಾವ ತಿಂಗಳಿನಲ್ಲಿ ಬಯಕೆ ಹುಟ್ಟಿದರೂ ಹಿತ್ತಿಲಲ್ಲಿ ಒಂದು ಹುಳಿ ಇರುತ್ತದೆ. ಇಲ್ಲದಿದ್ದರೆ ಉಪ್ಪಿನ ಭರಣಿಯಲ್ಲಿ ಇರುತ್ತದೆ.

ಆದರೆ ಅಪ್ಪೆಹುಳಿಯನ್ನೇ ಲೋಟಗಟ್ಟಲೆ ಕುಡಿದು ಊಟ ಮುಗಿಯಿತು ಎನ್ನಬಾರದು. ಮಾವಿನಕಾಯಿ ಬೇಯಿಸಿ, ಕಿವುಚಿ, ನೀರು, ಉಪ್ಪು, ಚೂರು ಬೆಲ್ಲ ಹಾಕಿ, ತೆಂಗಿನೆಣ್ಣೆಯಲ್ಲಿ ಸಾಸಿವೆ, ಇಂಗು, ಒಣಮೆಣಸಿನ ಒಗ್ಗರಣೆ ಕೊಟ್ಟರೆ ಸ್ವರ್ಗವೇ ಸರಿ, ಆದರೆ ಅದರಲ್ಲಿ ಪ್ರೋಟೀನ್ ಎಂಬುದೇ ಇಲ್ಲ. ಪಕ್ಕದಲ್ಲಿ ಮೊಳಕೆ ಹುರುಳಿಯ ಉಸಲಿ ಇರಲಿ. ನಾನು ಮಾಡುವ ಕ್ರಮ ಹೀಗೆ:

ಹುರುಳಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮರುದಿನ ಮೊಳಕೆ ಇಣುಕುತ್ತದೆ. ನೆನೆಸಿ ಮೊಳಕೆ ತರಿಸುವುದು ಬರೀ ರುಚಿಗಲ್ಲ. ಕಾಳಿನಲ್ಲಿರುವ ಕಬ್ಬಿಣವನ್ನು ದೇಹಕ್ಕೆ ಸಿಗದಂತೆ ಹಿಡಿದಿಡುವ ಫೈಟೇಟ್ ಎಂಬ ಅಂಶ ಇದರಿಂದ ಕಡಿಮೆಯಾಗುತ್ತದೆ. ಇಡ್ಲಿ, ದೋಸೆಯ ಹಿಟ್ಟು ಹುದುಗುವಾಗಲೂ ಇದೇ ಆಗುತ್ತದೆ. ಮೊಳಕೆಯನ್ನು ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ. ಹಸಿ ಮೊಳಕೆ ಬಸುರಿಯರಿಗೆ ಬೇಡ, ಅದರ ತೇವದಲ್ಲಿ ಸೂಕ್ಷ್ಮಾಣುಗಳು ಬೆಳೆಯುತ್ತವೆ. ಬೆಂದದ್ದಕ್ಕೆ ಕಬ್ಬಿಣದ ಬಾಣಲೆಯಲ್ಲಿ ಒಗ್ಗರಣೆ ಕೊಟ್ಟು, ಕಾಯಿತುರಿ ಉದುರಿಸಿ. ಲಿಂಬೆಹುಳಿಯನ್ನು ಒಲೆ ಆರಿಸಿದ ಮೇಲೆ ಹಿಂಡಿ. ಲಿಂಬೆಯ ಸಿ ಜೀವಸತ್ವ ಕಾಳಿನ ಕಬ್ಬಿಣವನ್ನು ಹೀರಿಕೊಳ್ಳಲು ನೆರವಾಗುತ್ತದೆ. ಕುದಿಸಿದರೆ ಅದು ಬಹಳಷ್ಟು ಹಾಳಾಗುತ್ತದೆ.

ಹುಳಿಯ ಬಯಕೆ ಸಸ್ಯಾಹಾರಿಗೆ ವರ ಎನ್ನುವುದು ಇದಕ್ಕೇ. ಸೊಪ್ಪು, ಕಾಳುಗಳ ಕಬ್ಬಿಣ ಮಾಂಸದ ಕಬ್ಬಿಣದಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ. ಹುಳಿ ಜೊತೆಗಿದ್ದರೆ ಹೆಚ್ಚು ಹತ್ತುತ್ತದೆ. ಹರಿವೆ ಸೊಪ್ಪಿನ ಪಲ್ಯದ ಮೇಲೆ ಲಿಂಬೆ, ಊಟದ ಕೊನೆಗೆ ಒಂದು ನೆಲ್ಲಿಕಾಯಿ ಅಥವಾ ಪೇರಲೆ. ಮಾರ್ಚ್, ಏಪ್ರಿಲ್‌ನಲ್ಲಿ ಕರಾವಳಿಯ ಬೇಣಗಳಲ್ಲಿ ಗೇರುಹಣ್ಣು ಬಿದ್ದು ಕೊಳೆಯುತ್ತಿರುತ್ತದೆ. ಬೀಜ ಆರಿಸಿಕೊಂಡು ಹಣ್ಣು ಎಸೆಯುತ್ತೇವೆ. ಸಿ ಜೀವಸತ್ವದಲ್ಲಿ ಅದು ಕಿತ್ತಳೆಯನ್ನು ಮೀರಿಸುತ್ತದೆ. ಹೆಚ್ಚಿ, ಉಪ್ಪುನೀರಿನಲ್ಲಿ ಅದ್ದಿ ಒಗರು ತೆಗೆದು ತಿನ್ನಿ.

ಇನ್ನು ಉಪ್ಪಿನಕಾಯಿ. ಅಪ್ಪೆಮಿಡಿಯ ಉಪ್ಪಿನಕಾಯಿಯನ್ನು ಬಿಡಿ ಎಂದರೆ ಯಾರೂ ಬಿಡುವುದಿಲ್ಲ, ನಾನೂ ಬಿಡಲಿಲ್ಲ. ದಿನಕ್ಕೊಂದು ಮಿಡಿ ಸಾಕು. ರಕ್ತದೊತ್ತಡ ಏರಿದ್ದರೆ ವೈದ್ಯರನ್ನು ಕೇಳಿಯೇ ಮುಟ್ಟಿ. ಉಪ್ಪುನೀರಿನಲ್ಲಿಟ್ಟ ಮಿಡಿಯಾದರೆ ಒಂದು ಗಂಟೆ ಬರೀ ನೀರಿನಲ್ಲಿ ನೆನೆಸಿದರೆ ಉಪ್ಪು ಇಳಿಯುತ್ತದೆ, ಹುಳಿ ಉಳಿಯುತ್ತದೆ. ಇಲ್ಲೇ ಒಂದು ಮಾತು: ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳ ಹರಳುಪ್ಪಿನಂಥದ್ದು ಉಪ್ಪಿನಕಾಯಿಗೆ ಬೇಕೇ ಬೇಕು, ಒಪ್ಪಿದೆ. ಆದರೆ ಅಯೋಡಿನ್ ಬೆರೆಸದ ಹರಳುಪ್ಪನ್ನೇ ಸಾರಿಗೂ ಪಲ್ಯಕ್ಕೂ ಬಳಸುವ ಮನೆಗಳಿವೆ. ಮಗುವಿನ ಮಿದುಳು ಬೆಳೆಯಲು ಅಯೋಡಿನ್ ಬೇಕು. ಬಸುರಿಗೆ ದಿನಕ್ಕೆ 250 ಮೈಕ್ರೋಗ್ರಾಂ. ಮೀನು, ಮೊಟ್ಟೆ ತಿನ್ನದವರಿಗೆ, ಅದರಲ್ಲೂ ಹಾಲನ್ನೂ ಬಿಟ್ಟವರಿಗೆ, ಅದು ಮುಖ್ಯವಾಗಿ ಸಿಗುವುದು ಅಯೋಡಿನ್ ಉಪ್ಪಿನಿಂದ. ಭರಣಿಗೆ ಹರಳುಪ್ಪು, ದಿನದ ಅಡುಗೆಗೆ ಪೊಟ್ಟಣದ ಅಯೋಡಿನ್ ಉಪ್ಪು ಎಂದು ಬೇರೆ ಇಟ್ಟುಕೊಳ್ಳಿ.

ಪಾನಿಪುರಿಯ ಬಯಕೆಗೆ ಮನೆಯಲ್ಲೇ ದಾರಿಯಿದೆ. ಒಣ ಮುರುಗಲು ಸಿಪ್ಪೆಯನ್ನು ಕುದಿಸಿ ಆರಿಸಿದ ನೀರಿನಲ್ಲಿ ನೆನೆಹಾಕಿ, ಜೀರಿಗೆ ಪುಡಿ, ಹಸಿಮೆಣಸು, ತೊಳೆದ ಪುದೀನ, ಉಪ್ಪು ಹಾಕಿದರೆ ಬಣ್ಣವೂ ಬರುತ್ತದೆ, ಹುಳಿಯೂ ಬರುತ್ತದೆ. ಪುರಿಯೊಳಗೆ ಆಲೂಗಡ್ಡೆಯ ಬದಲು ಬೆಂದ ಹೆಸರುಕಾಳು ತುಂಬಿ. ಪುರಿಯನ್ನು ಅಂಗಡಿಯಿಂದ ತನ್ನಿ, ಗಾಡಿಯ ನೀರನ್ನು ತರಬೇಡಿ.

ಸಸ್ಯಾಹಾರಿಗೆ ಮೀನಿನ ಬಯಕೆ

ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಾರವಾರದ ನಮ್ಮ ಮನೆಯ ಪಕ್ಕದಲ್ಲಿ ದಿನಾ ಹನ್ನೊಂದೂವರೆಗೆ ಬಂಗಡೆ ಹುರಿಯುತ್ತಿದ್ದರು. ಮೊದಲ ಮೂರು ತಿಂಗಳು ಆ ಹೊತ್ತಿಗೆ ಕಿಟಕಿ ಮುಚ್ಚಿ ಮೂಗಿಗೆ ಲಿಂಬೆಹಣ್ಣು ಹಿಡಿದು ಕೂರುತ್ತಿದ್ದೆ. ಐದನೇ ತಿಂಗಳಿನಲ್ಲಿ ನಾನೇ ಹೋಗಿ ಕಿಟಕಿ ತೆರೆಯತೊಡಗಿದೆ! ಹುಟ್ಟಿನಿಂದ ಮೀನು ಮುಟ್ಟದವಳಿಗೆ ಬಾಯಲ್ಲಿ ನೀರು. ನಾಚಿಕೆ, ಪಾಪಪ್ರಜ್ಞೆ, ಅದರ ಮೇಲೆ ಹಸಿವು.

ಕೊನೆಗೆ ಪಕ್ಕದ ಮನೆಯ ವೈನಿಯ ಬಳಿಯೇ ಹೇಳಿಕೊಂಡೆ. ಅವರು ನಕ್ಕು, "ನಿನಗೆ ಬೇಕಾದದ್ದು ಮೀನಲ್ಲ, ಅದರ ಮಸಾಲೆ" ಎಂದು ಬೇರೆ ಕಾವಲಿ ಇಟ್ಟು ಸುವರ್ಣಗೆಡ್ಡೆಯ ಫೋಡಿ ಮಾಡಿಕೊಟ್ಟರು. ಕೈಗೆ ಎಣ್ಣೆ ಸವರಿ ಗೆಡ್ಡೆಯ ಸಿಪ್ಪೆ ತೆಗೆದು, ಕಿರುಬೆರಳಿನ ಅರ್ಧ ದಪ್ಪಕ್ಕೆ ಬಿಲ್ಲೆ ಮಾಡಿ, ಮುರುಗಲು ಸಿಪ್ಪೆ ಹಾಕಿದ ನೀರಿನಲ್ಲಿ ಮುಕ್ಕಾಲು ಬೇಯಿಸಿದರು. ಗೆಡ್ಡೆಯ ತುರಿಕೆ ಹುಳಿಗೆ ಇಳಿಯುತ್ತದೆ. ನೀರು ಬಸಿದು ಮೆಣಸಿನ ಪುಡಿ, ಅರಿಶಿನ, ಇಂಗು, ಉಪ್ಪು ಸವರಿ ಹತ್ತು ನಿಮಿಷ ಬಿಟ್ಟರು. ಆಮೇಲೆ ಅಕ್ಕಿಹಿಟ್ಟು ಬೆರೆಸಿದ ಸಣ್ಣ ರವೆಯಲ್ಲಿ ಹೊರಳಿಸಿ, ತೆಂಗಿನೆಣ್ಣೆಯಲ್ಲಿ ಎರಡೂ ಬದಿ ಕೆಂಪಗೆ ಕಾಯಿಸಿದರು. ರವೆ ಗರಿಗರಿ, ಒಳಗೆ ಬೆಣ್ಣೆಯಂಥ ಗೆಡ್ಡೆ. ಆರು ಬಿಲ್ಲೆ ತಿಂದು ಏಳನೆಯದಕ್ಕೆ ಕೈ ಹಾಕಿದ್ದು ನೆನಪಿದೆ. ನೀರುಹಲಸಿನಲ್ಲೂ ಹೀಗೆಯೇ ಮಾಡಬಹುದು. ಮೀನಿನ ಸಾರಿನ ಪರಿಮಳ ಬೇಕಾದವರು ಕಾಯಿ, ಒಣಮೆಣಸು ರುಬ್ಬಿದ ಗಸಿಗೆ ನಾಲ್ಕು ತಿರ್ಫಳ (ಮೀನಿನ ಸಾರಿಗೆ ಹಾಕುವ ಘಮದ ಮಸಾಲೆ ಕಾಯಿ) ಜಜ್ಜಿ ಹಾಕಿ. ಒಳಗಿನ ಕರಿ ಬೀಜ ತೆಗೆದು ಸಿಪ್ಪೆಯನ್ನಷ್ಟೇ ಹಾಕಬೇಕು. ಗಸಿಗೆ ಅಣಬೆ ಸೇರಿಸಿದರೆ ಮಾಂಸದ ರುಚಿಗೆ ಹತ್ತಿರ ಬರುತ್ತದೆ. ಅಂಗಡಿಯ ಅಣಬೆ ಸಾಕು, ಗುರುತು ತಿಳಿಯದ ಕಾಡಣಬೆಯ ಪ್ರಯೋಗಕ್ಕೆ ಬಸುರಿನ ಕಾಲ ತಕ್ಕದ್ದಲ್ಲ.

ಇಷ್ಟಾದರೂ ಮೊಟ್ಟೆಯನ್ನೋ ಮೀನನ್ನೋ ತಿನ್ನಬೇಕು ಎಂದೇ ಅನ್ನಿಸಿದರೆ ಅದು ಆಕೆಯ ತೀರ್ಮಾನ. ಚೆನ್ನಾಗಿ ಬೇಯಿಸಿದ್ದಾದರೆ ಸಾಕು. ತಿನ್ನುವುದಿಲ್ಲವೆಂದರೂ ಮಗುವಿಗೆ ಮೋಸವಿಲ್ಲ. ಮೀನಿನಲ್ಲಿ ಸಿಗುವ ಡಿಎಚ್‌ಎ ಎಂಬ ಕೊಬ್ಬು ಮಾತ್ರ ನಮ್ಮ ಊಟದಲ್ಲಿ ನೇರವಾಗಿ ಇಲ್ಲ. ಅಗಸೆಬೀಜ, ಅಕ್ರೋಟು ತಿಂದರೆ ದೇಹ ಅದನ್ನು ಅಲ್ಪಸ್ವಲ್ಪ ತಯಾರಿಸಿಕೊಳ್ಳುತ್ತದೆ. ಪಾಚಿಯಿಂದ ತೆಗೆದ ಡಿಎಚ್‌ಎ ಮಾತ್ರೆಗಳೂ ಸಿಗುತ್ತವೆ. ಬೇಕೇ ಎಂದು ವೈದ್ಯರನ್ನು ಕೇಳಿ.

ಸಿಹಿ

ಶಿರಸಿ ಕಡೆ ಆಲೆಮನೆ ಶುರುವಾದ ಮೇಲೆ ಬಸುರಿಯ ಮುಂದೆ ಜೋನಿಬೆಲ್ಲದ ಡಬ್ಬಿ ಇಟ್ಟರೆ ಕಥೆ ಮುಗಿಯಿತು. ದೋಸೆಗೆ ಬೆಲ್ಲವೋ, ಬೆಲ್ಲಕ್ಕೆ ದೋಸೆಯೋ ತಿಳಿಯದಷ್ಟು. ಬೆಲ್ಲದಲ್ಲಿ ಕಬ್ಬಿಣವಿದೆ ಎಂಬ ನೆಪ ಬೇರೆ. ಇದೆ, ಆದರೆ ಅದರಿಂದ ದಿನದ ಅಗತ್ಯ ತುಂಬಬೇಕೆಂದರೆ ತಿನ್ನಬೇಕಾದ ಬೆಲ್ಲಕ್ಕೆ ಸಕ್ಕರೆ ಕಾಯಿಲೆಯೇ ಮೊದಲು ಬರುತ್ತದೆ. ದೇಹಕ್ಕೆ ಬೆಲ್ಲವೂ ಸಕ್ಕರೆಯೇ.

ಬಸುರಿನ ಸಕ್ಕರೆ ಪರೀಕ್ಷೆಯನ್ನು ತಪ್ಪಿಸಬೇಡಿ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ನೋಡುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಎಚ್ಚರಿಕೆ. ಮೊದಲ ಭೇಟಿಯಲ್ಲಿ ಸರಿಯಿದ್ದರೂ 24ರಿಂದ 28ನೇ ವಾರದೊಳಗೆ ಮತ್ತೆ ಮಾಡಿಸಬೇಕು. ಅಲ್ಲಿಯವರೆಗೆ ಸಿಹಿಯನ್ನು ಖಾಲಿ ಹೊಟ್ಟೆಗೆ ತಿನ್ನದೆ ಊಟದ ಜೊತೆಗೆ ತಿನ್ನಿ. ತೊಡದೇವಾದರೆ ಎರಡು. ಅಂಕೋಲೆಯ ಕರಿ ಈಶಾಡ ಮಾವಾದರೆ ಒಂದು, ಅದೂ ರಸ ಮಾಡದೆ ಹಾಗೆಯೇ. ಎಳ್ಳು, ಶೇಂಗಾ ಹುರಿದು ಸ್ವಲ್ಪವೇ ಬೆಲ್ಲದಲ್ಲಿ ಕಟ್ಟಿದ ಉಂಡೆ ಇವೆರಡಕ್ಕಿಂತ ಮೇಲು. ಎಳ್ಳು ಉಷ್ಣ ಎಂದು ಹಿರಿಯರು ತಡೆದರೆ ಜಗಳ ಬೇಡ, ರಾಗಿ ಮಣ್ಣಿಗೆ ಹೊರಳಿ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ನೆನೆಸಿ ರುಬ್ಬಿ ಸೋಸಿದ ರಾಗಿಹಾಲಿಗೆ ತೆಂಗಿನಹಾಲು, ಬೆಲ್ಲ ಹಾಕಿ ಮಗುಚಿದರೆ ಆಯಿತು. ಹಸುವಿನ ಹಾಲು ಬೇಕಾಗಿಲ್ಲ, ನಾದಿನಿಗೂ ಸಂದಿತು.

ಮಣ್ಣು, ಅಕ್ಕಿ, ಸೀಮೆಸುಣ್ಣ, ಐಸ್

ಈ ಬಯಕೆಯನ್ನು ತೀರಿಸಬಾರದು. ಮುಚ್ಚಿಡಲೂಬಾರದು. ಮೊದಲ ಮಳೆಗೆ ಮಣ್ಣಿನ ವಾಸನೆ ಹಿತವೆನಿಸುವುದು ಬೇರೆ, ಗೋಡೆಯ ಮಣ್ಣು ಕೆರೆದು ಬಾಯಿಗೆ ಹಾಕಿಕೊಳ್ಳುವುದು ಬೇರೆ. ಹಸಿ ಅಕ್ಕಿ, ಸೀಮೆಸುಣ್ಣ, ಬೂದಿ, ಕಲ್ಲಿದ್ದಲು, ಫ್ರಿಜ್ಜಿನ ಐಸ್ ಇವನ್ನು ತಡೆಯಲಾಗದಂತೆ ತಿನ್ನುವುದಕ್ಕೆ ವೈದ್ಯರು ಪೈಕಾ ಎನ್ನುತ್ತಾರೆ. ಇದಕ್ಕೂ ಕಬ್ಬಿಣದ ಕೊರತೆಗೂ ನಂಟಿದೆ. ಆದರೆ ಮಣ್ಣು ತಿಂದರೆ ಕಬ್ಬಿಣ ಸಿಗುವುದಿಲ್ಲ, ಇರುವುದೂ ಹೀರಿಕೊಳ್ಳದಂತೆ ಆಗಬಹುದು. ಮಣ್ಣಿನೊಡನೆ ಹುಳುವಿನ ಮೊಟ್ಟೆ ಒಳಹೋಗುತ್ತದೆ, ಸೀಸದಂಥ ವಿಷವೂ ಸೇರಬಹುದು. ಅಕ್ಕಿಯಿಂದ ಹಲ್ಲು ಸವೆಯುತ್ತದೆ, ಮಲಬದ್ಧತೆಯಾಗುತ್ತದೆ.

ಮಾಡಬೇಕಾದದ್ದು ಇಷ್ಟು. ಅದೇ ವಾರ ವೈದ್ಯರಿಗೆ ಅಥವಾ ಆಶಾ ಕಾರ್ಯಕರ್ತೆಗೆ ಹೇಳಿ. ನಾಚಿಕೆ ಬೇಡ, ಅವರು ಇಂಥದ್ದು ಎಷ್ಟೋ ಕೇಳಿರುತ್ತಾರೆ. ಹಿಮೋಗ್ಲೋಬಿನ್ ನೋಡಿಸಿ. ಸಾಧ್ಯವಾದರೆ ದೇಹದ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಿ, ಹಿಮೋಗ್ಲೋಬಿನ್ ಇಳಿಯುವ ಮೊದಲೇ ಅದು ಇಳಿದಿರುತ್ತದೆ. ಜಂತುಹುಳುವಿನ ಮಾತ್ರೆಯನ್ನು ಮೊದಲ ಮೂರು ತಿಂಗಳು ಕಳೆದ ಮೇಲೆ, ಅವರು ಕೊಟ್ಟಾಗ ಮಾತ್ರ ತೆಗೆದುಕೊಳ್ಳಿ. ಬಾಯಿಗೆ ಕುರುಕುಲು ಬೇಕಲ್ಲ, ಅದಕ್ಕೆ ಭತ್ತದ ಅರಳು, ಚುರುಮುರಿ, ಹುರಿಗಡಲೆ ಇಟ್ಟುಕೊಳ್ಳಿ.

ನನ್ನ ಅತ್ತೆ ಅಕ್ಕಿ ಡಬ್ಬಿಯನ್ನು ಅಟ್ಟಕ್ಕೇರಿಸಿ ಅದರ ಜಾಗದಲ್ಲಿ ಅರಳಿನ ಡಬ್ಬಿ ಇಟ್ಟರು. ಕೈ ಅಭ್ಯಾಸಬಲದಿಂದ ಅಲ್ಲಿಗೇ ಹೋಗುತ್ತದೆ ಎಂಬುದು ಅವರ ಲೆಕ್ಕ. ವೈದ್ಯರು ಕಬ್ಬಿಣದ ಮಾತ್ರೆಯ ಪ್ರಮಾಣ ಹೆಚ್ಚಿಸಿದ ಮೂರನೇ ವಾರಕ್ಕೆ ಅಕ್ಕಿಯ ನೆನಪೇ ಹೋಗಿತ್ತು. ಹಿಮೋಗ್ಲೋಬಿನ್ ಆಗಿನ್ನೂ ಹತ್ತನ್ನೂ ಮುಟ್ಟಿರಲಿಲ್ಲ.

ಕವಳ ಮತ್ತು ಚಹಾ

ಅಡಿಕೆ ಬೆಳೆಯುವ ಸೀಮೆಯಲ್ಲಿ ಕುಳಿತು ಇದನ್ನು ಬರೆಯುವುದು ಕಷ್ಟ. ಊಟವಾದ ಮೇಲೆ ಅಜ್ಜಿಯೊಡನೆ ಒಂದು ಕವಳ, ಅಂದರೆ ಎಲೆಯಡಿಕೆ, ಹಾಕದಿದ್ದರೆ ಊಟ ಮುಗಿಯದ ಮನೆಗಳಿವೆ, ಬಸುರಿನಲ್ಲಿ ಆ ಚಪಲ ಹೆಚ್ಚುವುದೂ ಉಂಟು. ಹೊಗೆಸೊಪ್ಪು ಪೂರ್ತಿ ಬೇಡ. ಅಡಿಕೆಯೂ ಬೇಡ, ಕಡಿಮೆ ತೂಕದ ಮಗು ಹುಟ್ಟುವುದಕ್ಕೂ ಅದಕ್ಕೂ ನಂಟು ಕಂಡಿದ್ದಾರೆ. ಸುಣ್ಣದಿಂದ ಕ್ಯಾಲ್ಸಿಯಂ ಸಿಗುತ್ತದೆ ಎಂಬ ಸಮರ್ಥನೆಯನ್ನು ಅಜ್ಜಿಗೇ ಬಿಡಿ. ಬಾಯಿ ಸ್ವಚ್ಛವೆನಿಸಲು ಸೋಂಪು, ಹುರಿದ ಧನಿಯಾ ಇದ್ದೇ ಇದೆ. ಚಹಾ, ಕಾಫಿ ದಿನಕ್ಕೆ ಎರಡು ಸಣ್ಣ ಲೋಟ ಮೀರದಿರಲಿ. ಅವು ಊಟದಿಂದಲೂ ಕಬ್ಬಿಣದ ಮಾತ್ರೆಯಿಂದಲೂ ಒಂದು ಗಂಟೆ ದೂರವಿರಲಿ. ಮೂರನೆಯ ಲೋಟಕ್ಕೆ ನಮ್ಮ ಧನಿಯಾ, ಜೀರಿಗೆಯ ಕಷಾಯವಿದೆ.

ಹಾಲನ್ನೂ ಬಿಟ್ಟವರಿಗೆ

ನಾದಿನಿ ಬಂದ ಮೊದಲ ವಾರ ಅತ್ತೆ ದಿನಾ ಮೊಸರಿನ ಪಾತ್ರೆ ಮುಂದಿಡುವುದು, ಇವಳು ಪಕ್ಕಕ್ಕೆ ಸರಿಸುವುದು ನಡೆದಿತ್ತು. ಎರಡನೇ ವಾರ ಇವಳಿಗೇ ಮೊಸರನ್ನದ ಬಯಕೆ ಹುಟ್ಟಿತು. ಗೆದ್ದವರು ಯಾರು ಎಂದು ನೋಡಲು ನಾನು ಕಾದಿದ್ದೆ. ಅತ್ತೆ ಸದ್ದಿಲ್ಲದೆ ತೆಂಗಿನಹಾಲು ಹಿಂಡಿ, ಮುರುಗಲು ರಸ ಬೆರೆಸಿ, ಅದರಲ್ಲಿ ಒಂದೆಲಗದ ತಂಬುಳಿ ಮಾಡಿ ಅನ್ನಕ್ಕೆ ಕಲಸಿ ಕೊಟ್ಟರು. ಎಲೆಗಳನ್ನು ಮೂರು ನೀರಿನಲ್ಲಿ ತೊಳೆದು, ಜೀರಿಗೆ, ಕಾಳುಮೆಣಸಿನ ಜೊತೆ ಎಣ್ಣೆಯಲ್ಲಿ ಚೆನ್ನಾಗಿ ಬಾಡಿಸಿಯೇ ರುಬ್ಬಿದ್ದರು. ಗದ್ದೆ ಬದಿಯ ಸೊಪ್ಪನ್ನು ಬಸುರಿಗೆ ಹಸಿಯಾಗಿ ರುಬ್ಬಿ ಕೊಡಬಾರದು. ಒಂದೆಲಗದ ರಸವನ್ನು ಔಷಧಿಯಂತೆ ಕುಡಿಯುವುದೂ ಬೇಡ. ಕಾರವಾರದವರು ಸೋಲಕಡಿ ಎಂದು ಕುಡಿಯುವುದಕ್ಕೆ ಸೊಪ್ಪು ಸೇರಿದರೆ ಇದೇ ಎನ್ನಿ.

ರುಚಿಯ ಲೆಕ್ಕ ಹೀಗೆ ಚುಕ್ತಾ ಆಗುತ್ತದೆ. ಬಿ12ರ ಲೆಕ್ಕ ಆಗುವುದಿಲ್ಲ. ನರಗಳಿಗೂ ರಕ್ತಕ್ಕೂ ಬೇಕಾದ ಈ ಜೀವಸತ್ವ ಯಾವ ಸೊಪ್ಪಿನಲ್ಲೂ ಕಾಳಿನಲ್ಲೂ ನಂಬುವಷ್ಟು ಇಲ್ಲ. ಸ್ಪಿರುಲಿನಾದಲ್ಲಿದೆ ಎಂದು ಮಾರುತ್ತಾರೆ, ಅದರಲ್ಲಿರುವುದು ಹೆಚ್ಚಾಗಿ ದೇಹಕ್ಕೆ ಬಳಕೆಯಾಗದ ರೂಪ. ವೀಗನ್ ಬಸುರಿ ಬಿ12 ಮಾತ್ರೆ ತೆಗೆದುಕೊಳ್ಳಲೇಬೇಕು. ಎಷ್ಟು ಎಂಬುದನ್ನು ರಕ್ತ ನೋಡಿ ವೈದ್ಯರು ಹೇಳುತ್ತಾರೆ.

ಹಾಲು ಕುಡಿಯುವ ಸಸ್ಯಾಹಾರಿಗಳೂ ನಿಶ್ಚಿಂತೆಯಿಂದ ಇರಬೇಡಿ. ಬಸುರಿಗೆ ದಿನಕ್ಕೆ ಸುಮಾರು ಎರಡೂವರೆ ಮೈಕ್ರೋಗ್ರಾಂ ಬಿ12 ಬೇಕು. ಅದಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲೋ ಮೊಸರೋ ಆಗಬೇಕು. ನಮ್ಮ ಮನೆಗಳಲ್ಲಿ ಒಂದು ಸೌಟು ಮೊಸರಿಗೆ ಒಂದು ತಂಬಿಗೆ ನೀರು ಹಾಕಿ ಕಡೆದ ಮಜ್ಜಿಗೆಯನ್ನು ಮೂರು ಲೋಟ ಕುಡಿದು ಹಾಲಿನ ಲೆಕ್ಕಕ್ಕೆ ಸೇರಿಸುತ್ತೇವೆ. ಸರಕಾರಿ ಆಸ್ಪತ್ರೆಯಲ್ಲಿ ಕೊಡುವ ಕೆಂಪು ಮಾತ್ರೆಯಲ್ಲಿ ಕಬ್ಬಿಣ, ಫೋಲಿಕ್ ಆಮ್ಲ ಇವೆ, ಬಿ12 ಇಲ್ಲ. ಫೋಲಿಕ್ ಆಮ್ಲ ಮಾತ್ರ ಸಿಗುತ್ತಿದ್ದರೆ ಬಿ12 ಕೊರತೆಯಿಂದ ಬಂದ ರಕ್ತಹೀನತೆ ಮರೆಯಾಗಿ, ನರಗಳ ತೊಂದರೆ ಒಳಗೊಳಗೇ ಬೆಳೆಯಬಹುದು. ಬೆರಳತುದಿ, ಅಂಗಾಲು ಜುಮ್ಮೆನ್ನುತ್ತಿದ್ದರೆ ಬಸುರಿನಲ್ಲಿ ಇದೆಲ್ಲ ಸಹಜ ಎಂದು ಸುಮ್ಮನಾಗದೆ ಪರೀಕ್ಷಿಸಿ.

ವೀಗನ್‌ಗಳ ಕ್ಯಾಲ್ಸಿಯಂ ದಾರಿ ರಾಗಿ, ಎಳ್ಳು, ನುಗ್ಗೆಸೊಪ್ಪು, ಹರಿವೆ. ಸೋಯಾ ಹಾಲು ಕೊಳ್ಳುವಾಗ ಕ್ಯಾಲ್ಸಿಯಂ, ಬಿ12 ಬೆರೆಸಿದ್ದಾರೆಯೇ ಎಂದು ಪೊಟ್ಟಣದ ಮೇಲೆ ಓದಿ.

ಮಾತ್ರೆಗಳಿಗೆ ಹೊತ್ತು ಹೊಂದಿಸುವುದು

ನಾಲ್ಕನೇ ತಿಂಗಳಿನಿಂದ ದಿನಕ್ಕೊಂದು ಕಬ್ಬಿಣದ ಮಾತ್ರೆ, 60 ಮಿಲಿಗ್ರಾಂ, ಕನಿಷ್ಠ 180 ದಿನ. ಕ್ಯಾಲ್ಸಿಯಂ 500 ಮಿಲಿಗ್ರಾಂನ ಎರಡು. ಸರಕಾರಿ ಕ್ರಮ ಇದು. ರಕ್ತ ಕಡಿಮೆ ಇದ್ದವರಿಗೆ ಪ್ರಮಾಣ ಬೇರೆ. ಇವೆರಡನ್ನೂ ಒಟ್ಟಿಗೆ ನುಂಗಿದರೆ ಒಂದು ಇನ್ನೊಂದಕ್ಕೆ ಅಡ್ಡ. ನಾನು ಮಾತ್ರೆ ಶುರುವಾದ ಮೊದಲ ತಿಂಗಳು ಕಬ್ಬಿಣದ್ದನ್ನು ಶ್ರದ್ಧೆಯಿಂದ ಒಂದು ದೊಡ್ಡ ಲೋಟ ಹಾಲಿನೊಡನೆ ನುಂಗಿದೆ, ಅಂದರೆ ಅರ್ಧ ವ್ಯರ್ಥ ಮಾಡಿದೆ. ಆಮೇಲೆ ಹಿಡಿದ ಕ್ರಮ: ಬೆಳಗಿನ ತಿಂಡಿ ಮತ್ತು ಮಧ್ಯಾಹ್ನದ ಊಟದೊಡನೆ ಕ್ಯಾಲ್ಸಿಯಂ, ರಾತ್ರಿ ಊಟವಾಗಿ ಒಂದು ಗಂಟೆಯ ಮೇಲೆ ಲಿಂಬೆನೀರಿನೊಡನೆ ಕಬ್ಬಿಣ. ಮಲ ಕಪ್ಪಾದರೆ ಹೆದರಬೇಡಿ. ಮಲಬದ್ಧತೆಗೆ ಬಾಳೆದಿಂಡಿನ ಪಲ್ಯ, ನೀರು. ಮಾತ್ರೆ ವಾಕರಿಕೆ ತರಿಸಿದರೆ ಬಿಡುವ ಮೊದಲು ಹೇಳಿ, ಬೇರೆ ಬಗೆಯದು ಕೊಡುತ್ತಾರೆ.

ಮನೆಯವರು ತಿಳಿದಿರಬೇಕಾದದ್ದು

ಬಯಕೆ ತೀರಿಸದಿದ್ದರೆ ಮಗುವಿನ ಕಿವಿ ಸೋರುತ್ತದೆ ಎನ್ನುತ್ತಾರೆ. ಸೋರುವುದಿಲ್ಲ. ಆದರೆ ಆ ಮಾತಿನ ಹೆದರಿಕೆಯಿಂದ ಎಷ್ಟು ಗಂಡಂದಿರು ರಾತ್ರಿ ಎದ್ದು ದೋಸೆ ಹುಯ್ದಿದ್ದಾರೋ, ಹಾಗಾಗಿ ಅದನ್ನು ನಾನು ಬಲವಾಗಿ ಅಲ್ಲಗಳೆಯಲು ಹೋಗುವುದಿಲ್ಲ. ಎರಡು ಜೀವಕ್ಕೆ ಎರಡು ಪಾಲು ಎಂಬುದನ್ನು ಮಾತ್ರ ಬಿಡಿ. ನಾಲ್ಕನೇ ತಿಂಗಳಿನಿಂದ ಬೇಕಾಗುವ ಹೆಚ್ಚಿನ ಆಹಾರ ದಿನಕ್ಕೆ ಸುಮಾರು 350 ಕ್ಯಾಲೊರಿ, ಒಂದು ದೋಸೆ ಚಟ್ನಿಯೊಡನೆ, ಒಂದು ಬಟ್ಟಲು ಕಾಳು. ಪಪ್ಪಾಯಿಯ ವಿಷಯದಲ್ಲಿ ಹಿರಿಯರ ಮಾತು ಅರ್ಧ ಸರಿ: ಕಾಯಿ, ದೋರೆ ಹಣ್ಣು ಬೇಡ, ಪೂರ್ತಿ ಹಣ್ಣಾದದ್ದು ತಿನ್ನಬಹುದು. ಹಸಿ ಹಾಲನ್ನು ಮಾತ್ರ, ಕೊಟ್ಟಿಗೆ ನಮ್ಮದೇ ಆದರೂ, ಕಾಯಿಸಿಯೇ ಕುಡಿಯಿರಿ.

ಆಸ್ಪತ್ರೆಗೆ ಹೊರಡುವ ಸಮಯ

ಒಂದು ದಿನವಿಡೀ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಕಡು ಹಳದಿಯಾದರೆ, ತೂಕ ಇಳಿಯುತ್ತಿದ್ದರೆ, ನಾಲ್ಕು ಮೆಟ್ಟಿಲಿಗೇ ಏದುಸಿರು ಬಂದರೆ ಬಯಕೆಯ ಮಾತು ಬಿಟ್ಟು ಹೊರಡಿ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು ರಕ್ತದೊತ್ತಡದ ಸೂಚನೆ. ಆಗ ಬೆಳಗಿನ ಬಸ್ಸಿಗೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಘಟ್ಟದ ಹಳ್ಳಿಗಳಲ್ಲಿ ವಾಹನ ಬರುವುದಕ್ಕೇ ಹೊತ್ತು ಹಿಡಿಯುತ್ತದೆ.

ಉಳಿದಂತೆ, ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ತಾಯಿ ಕಾರ್ಡಿನ ಜೊತೆ ಆ ಕ್ಯಾಲೆಂಡರಿನ ಹಾಳೆಯನ್ನೂ ಒಯ್ಯಿರಿ. ನಾನು ಸಸ್ಯಾಹಾರಿ, ಅಥವಾ ಹಾಲನ್ನೂ ತೆಗೆದುಕೊಳ್ಳುವುದಿಲ್ಲ ಎಂಬುದನ್ನು ಮೊದಲ ಮಾತಾಗಿ ಹೇಳಿ, ಬಿ12ರ ಬಗ್ಗೆ ನೀವೇ ಕೇಳಿ. ಅಂಗನವಾಡಿಯ ಊಟದಲ್ಲಿ ಮೊಟ್ಟೆ ಬೇಡವಾದರೆ ಅದರ ಬದಲು ಏನು ಕೊಡುತ್ತಾರೆ ಎಂದು ಕಾರ್ಯಕರ್ತೆಯನ್ನು ವಿಚಾರಿಸಿ.

ನನ್ನ ಹಾಳೆ ಈಗಲೂ ಇದೆ, ಅಂಚಿನಲ್ಲಿ ಎಣ್ಣೆಯ ಕಲೆ. ಕೊನೆಯ ಸಾಲು ಮೂವತ್ತೆಂಟನೇ ವಾರದ್ದು: ರಾತ್ರಿ 2 ಗಂಟೆ, ನೆನೆಸಿದ ಅಪ್ಪೆಮಿಡಿ, ಅರ್ಧ. ಅದರ ಕೆಳಗೆ ಗಂಡನ ಅಕ್ಷರದಲ್ಲಿ: ಇನ್ನರ್ಧ ನಾನು ತಿಂದೆ. ಹಿಮೋಗ್ಲೋಬಿನ್ 11.2.